ಸ್ವಿಗ್ಗಿ ಬಿಟ್ಟರೆ ಸೈಟು ಬರುತ್ತಾ?



ಮೊನ್ನೆ ಬಾಡಿಗೆ ಏರಿಕೆ ಬಗ್ಗೆ ನಮ್ಮ ಚರ್ಚೆ ನಡೀತಿದ್ದಾಗ ಎರಡು ಫೋನ್ ಕರೆ ಬಂದವು, ಒಂದರ ಹಿಂದೆ ಒಂದು. ಮೊದಲನೆಯದು ಜಯನಗರದಿಂದ. ಮಾತಾಡಿದವರು ಎಪ್ಪತ್ತು ದಾಟಿದ ಹಿರಿಯರು, ದನಿಯಲ್ಲಿ ಸಿಟ್ಟಿತ್ತು. “ನಾವು ಹೋಟೆಲಿನ ಮುಖ ನೋಡದೆ ಮನೆ ಕಟ್ಟಿದವರು ಸ್ವಾಮಿ. ಈಗಿನ ಹುಡುಗರು ದಿನಾ ಸ್ವಿಗ್ಗಿಯಲ್ಲಿ ತರಿಸಿಕೊಂಡು ತಿಂತಾರೆ, ವರ್ಷಕ್ಕೊಂದು ಫೋನು ಬದಲಾಯಿಸ್ತಾರೆ. ಆಮೇಲೆ ಟಿವಿಗೆ ಬಂದು ಮನೆ ಸಿಗ್ತಿಲ್ಲ ಅಂತ ಅಳ್ತಾರೆ” ಅಂದರು. ಎರಡನೇ ಕರೆ ಬಿಟಿಎಂ ಲೇಔಟಿನಿಂದ. ಇಪ್ಪತ್ತೆಂಟು ವರ್ಷದ ಹುಡುಗ. ಅವನು ಜಗಳ ಆಡಲಿಲ್ಲ. “ಸಾರ್, ನೀವು ಎಂಜಿನಿಯರಿಂಗ್ ಓದಿದವರಲ್ವಾ? ನಾನು ಇವತ್ತಿಂದ ಸ್ವಿಗ್ಗಿ ಬಿಟ್ಟರೆ ಅಂಕಲ್ ಇರೋ ರಸ್ತೆಯಲ್ಲಿ ಸೈಟು ಯಾವ ವರ್ಷ ಬರುತ್ತೆ, ಸ್ವಲ್ಪ ಲೆಕ್ಕ ಹಾಕಿ ಹೇಳಿ” ಅಂದ.

ಬ್ರೇಕ್ ಬಂತು. ಬ್ರೇಕಿನಲ್ಲಿ ನಾನು ನಿಜವಾಗಿಯೂ ಲೆಕ್ಕ ಹಾಕಿದೆ. ದಿನಕ್ಕೆ 300 ರೂಪಾಯಿ ಉಳೀತು ಅಂದುಕೊಳ್ಳಿ. ವರ್ಷಕ್ಕೆ 1,09,500. ಜಯನಗರದಲ್ಲಿ ಚದರಡಿಗೆ 20 ಸಾವಿರ ಅಂತ ಹಿಡಿಯೋಣ. ಬ್ರೋಕರ್‌ಗಳು ಕೇಳಿದರೆ ನಗ್ತಾರೆ, ಅಷ್ಟು ಕಮ್ಮಿ ಹಿಡಿದಿದ್ದೀನಿ. ತರ್ಟಿ ಫಾರ್ಟಿ ಸೈಟು ಅಂದರೆ 1200 ಚದರಡಿ. ಬರೀ ಮಣ್ಣಿಗೆ 2 ಕೋಟಿ 40 ಲಕ್ಷ. ಭಾಗಿಸಿ ನೋಡಿ. 219 ವರ್ಷ! ಬಡ್ಡಿ ಸೇರಿಸಿಲ್ಲ, ಈ 219 ವರ್ಷದಲ್ಲಿ ಸೈಟಿನ ರೇಟು ಏರೋದನ್ನೂ ಸೇರಿಸಿಲ್ಲ. 2025ರಲ್ಲಿ ಸೈಟು ಕೈಗೆ ಬರಬೇಕು ಅಂದರೆ ಆ ಹುಡುಗ 1806ರಲ್ಲೇ ಸ್ವಿಗ್ಗಿ ಬಿಟ್ಟಿರಬೇಕಿತ್ತು. ಶ್ರೀರಂಗಪಟ್ಟಣ ಬಿದ್ದು ಆಗಿನ್ನೂ ಏಳೇ ವರ್ಷ.

ಬ್ರೇಕ್ ಮುಗಿದ ಮೇಲೆ ಇದನ್ನ ಹೇಳಿದೆ. ಹುಡುಗರೆಲ್ಲ ಚಪ್ಪಾಳೆ ತಟ್ಟೋ ಎಮೋಜಿ ಕಳಿಸಿದರು, ಹಿರಿಯರು ನನ್ನನ್ನ ಬೈದು ಮೆಸೇಜ್ ಮಾಡಿದರು. ಟಿಆರ್‌ಪಿಗೆ ಒಳ್ಳೇದೇ ಆಯ್ತು. ಆದರೆ ರಾತ್ರಿ ಮನೆಗೆ ಹೋಗೋವಾಗ ನನಗೇ ಅನ್ನಿಸ್ತು, ನಾನು ಅರ್ಧ ಸತ್ಯ ಹೇಳಿದೆ. ಆ ಹಿರಿಯರು ಹೇಳಿದ್ದು ಸುಳ್ಳಲ್ಲ. ಅವರು ಹೋಟೆಲಿಗೆ ಹೋಗಲಿಲ್ಲ ಅನ್ನೋದು ನಿಜ. ಆದರೆ ಹೋಟೆಲಿಗೆ ಹೋಗದೇ ಇದ್ದದ್ದರಿಂದಲೇ ಮನೆ ಆಯ್ತಾ? ಇವತ್ತಿನ ಕಾರ್ಯಕ್ರಮದಲ್ಲಿ ಅದನ್ನೇ ನೋಡೋಣ. ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತೆ.

ಬೆಂಗಳೂರಲ್ಲಿ ಮಧ್ಯಮ ವರ್ಗಕ್ಕೆ ಬಡಾವಣೆ ಮಾಡಿಕೊಟ್ಟದ್ದು ಯಾರು? ಸರ್ಕಾರ. ಇದನ್ನ ನಾವು ಮರೆತೇಬಿಟ್ಟಿದ್ದೀವಿ. 1898ರಲ್ಲಿ ಊರಿಗೆ ಪ್ಲೇಗ್ ಬಂತು. ಪೇಟೆಯೊಳಗೆ ಇಕ್ಕಟ್ಟಿನ ಮನೆಗಳಲ್ಲಿ ಜನ ಸತ್ತರು. ಆಗಲೇ ಶುರುವಾಗಿದ್ದ ಬಸವನಗುಡಿ, ಮಲ್ಲೇಶ್ವರದ ಕೆಲಸಕ್ಕೆ ವೇಗ ಸಿಕ್ಕಿತು. ಅಗಲ ರಸ್ತೆ, ಮನೆಯ ಹಿಂದೆ ಗಾಳಿ ಆಡೋದಕ್ಕೆ ಜಾಗ, ಇವೆಲ್ಲ ಪ್ಲೇಗಿನ ಭಯ ಕಲಿಸಿದ ಪಾಠ. ಅಲ್ಲಿಂದ ಮುಂದಕ್ಕೆ, ಊರು ಬೆಳೆದಾಗ ಬಡಾವಣೆ ಮಾಡೋದು ಸರ್ಕಾರದ ಕೆಲಸ ಅನ್ನೋದು ಮೈಸೂರು ಸಂಸ್ಥಾನದಲ್ಲಿ ವಾಡಿಕೆಯಾಗಿಬಿಡ್ತು. 1945ರಲ್ಲಿ ಅದಕ್ಕೇ ಒಂದು ಸಂಸ್ಥೆ ಬಂತು: ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್. ಹಳಬರು ಈಗಲೂ ‘ಸಿಐಟಿಬಿ’ ಅಂತಲೇ ಅಂತಾರೆ.

ಆಗ ಊರಿನ ಪರಿಸ್ಥಿತಿ ಏನು ಅಂತ ಕೇಳಿ. 1941ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ. 1951ಕ್ಕೆ ಸುಮಾರು 7 ಲಕ್ಷ 80 ಸಾವಿರ. ಹತ್ತೇ ವರ್ಷದಲ್ಲಿ ಹೆಚ್ಚು ಕಮ್ಮಿ ಡಬಲ್! ಯಾಕೆ? ಕೆಲಸ. ಎಚ್‌ಎಎಲ್ 1940ರಲ್ಲೇ ಬಂದಿತ್ತು, ಐಟಿಐ 1948ರಲ್ಲಿ ಬಂತು. ಮುಂದೆ ಎಚ್‌ಎಂಟಿ, ಬಿಇಎಲ್. ಕೆಲಸಕ್ಕೆ ಸೇರಿದ ಹುಡುಗರು ಇದ್ದದ್ದು ಚಾಮರಾಜಪೇಟೆ, ಬಸವನಗುಡಿ, ಚಿಕ್ಕಪೇಟೆಯ ವಠಾರಗಳಲ್ಲಿ. ಎಂಟು ಸಂಸಾರಕ್ಕೆ ಒಂದು ನಲ್ಲಿ, ಬೆಳಗ್ಗೆ ಸಾಲು. ಇವತ್ತು ಬಿಟಿಎಂ ಪಿಜಿಗಳಲ್ಲಿ ಗೀಸರಿಗೆ ಸಾಲು ನಿಲ್ಲೋ ಹುಡುಗರೇ, ನಿಮಗೂ ಆ ಅಜ್ಜಂದಿರಿಗೂ ಇಲ್ಲೊಂದು ನಂಟಿದೆ ನೋಡಿ.

ಆ ಜನಕ್ಕಾಗಿ ಹುಟ್ಟಿದ್ದು ಜಯನಗರ. 1948ರ ಆಗಸ್ಟ್‌ನಲ್ಲಿ, ಆಗಿನ ಗವರ್ನರ್ ಜನರಲ್ ರಾಜಾಜಿ ಬಂದು ಅಡಿಗಲ್ಲು ಹಾಕಿದರು. ಅಶೋಕ ಪಿಲ್ಲರ್ ಇದೆಯಲ್ಲ, ದಿನಾ ಅದರ ಸುತ್ತ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ತೀವಲ್ಲ, ಅದು ಆ ಕಾಲದ ಗುರುತು. ಹೆಸರು ಜಯಚಾಮರಾಜೇಂದ್ರ ಒಡೆಯರ್ ಅವರದು. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷ ಆಗಿತ್ತಷ್ಟೆ. ಸಂವಿಧಾನ ಇನ್ನೂ ಬರೆದು ಮುಗಿದಿರಲಿಲ್ಲ. ಸಂವಿಧಾನಕ್ಕಿಂತ ಮೊದಲು ಜಯನಗರಕ್ಕೆ ಕಲ್ಲು ಬಿತ್ತು!

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಸೈಟು ಜನರ ಕೈಗೆ ಹೇಗೆ ಬರ್ತಿತ್ತು? ಬೋರ್ಡು ಹಳ್ಳಿಯ ಜಮೀನನ್ನ ಸ್ವಾಧೀನ ಮಾಡಿಕೊಳ್ತಿತ್ತು. ರಸ್ತೆ, ಚರಂಡಿ, ಪಾರ್ಕು ಬಿಟ್ಟು ಸೈಟು ಕತ್ತರಿಸ್ತಿತ್ತು. ಅರ್ಜಿ ಕರೀತಿತ್ತು. ಅರ್ಜಿ ಹಾಕೋರಿಗೆ ಊರಲ್ಲಿ ಬೇರೆ ಮನೆ, ಸೈಟು ಇರಬಾರದು. ಆಮೇಲಿನ ಬಿಡಿಎ ನಿಯಮಗಳಲ್ಲಿ ಮದುವೆ ಆಗಿದೆಯಾ, ಆದಾಯ ಎಷ್ಟು, ಎಷ್ಟು ಸಲ ಅರ್ಜಿ ಹಾಕಿ ನಿರಾಸೆ ಆಗಿದೆ ಅನ್ನೋದೆಲ್ಲ ಲೆಕ್ಕಕ್ಕೆ ಬರ್ತಿತ್ತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದವರು, ಮಾಜಿ ಸೈನಿಕರು, ಸರ್ಕಾರಿ ನೌಕರರು ಅಂತ ಪಾಲು ಇತ್ತು. ಸೈಟು ಸಿಕ್ಕರೆ ಲೀಸ್ ಕಮ್ ಸೇಲ್ ಕರಾರು. ಇಂತಿಷ್ಟು ವರ್ಷದೊಳಗೆ ಮನೆ ಕಟ್ಟಬೇಕು, ಹತ್ತು ವರ್ಷ ಮಾರೋ ಹಾಗಿಲ್ಲ, ಆಮೇಲೆ ಶುದ್ಧ ಕ್ರಯಪತ್ರ.

ಬೆಲೆ? ಮಾರುಕಟ್ಟೆ ಬೆಲೆ ಅಲ್ಲ. ಜಮೀನಿಗೆ ಕೊಟ್ಟ ಪರಿಹಾರ, ರಸ್ತೆ ಚರಂಡಿಗೆ ಆದ ಖರ್ಚು, ಇವುಗಳ ಮೇಲೆ ಕಟ್ಟಿದ ಬೆಲೆ. ಅಂದರೆ ಆ ಕಾಲದ ಗುಮಾಸ್ತರು, ಮೇಷ್ಟ್ರು, ಫ್ಯಾಕ್ಟರಿ ಫಿಟ್ಟರು ಕೊಂಡದ್ದು ಊರಿನ ಸೈಟನ್ನ, ಕೊಟ್ಟದ್ದು ಹೊಲದ ಬೆಲೆಯನ್ನ. ಈ ಎರಡರ ನಡುವಿನ ವ್ಯತ್ಯಾಸ ಇದೆಯಲ್ಲ, ಅದೇ ಆ ಪೀಳಿಗೆಗೆ ಸರ್ಕಾರ ಕೊಟ್ಟ ಉಡುಗೊರೆ. ಅದು ಯಾವ ಬಜೆಟ್ ಪುಸ್ತಕದಲ್ಲೂ ಸಬ್ಸಿಡಿ ಅಂತ ಕಾಣಲ್ಲ. ಪಡೆದವರಿಗೂ ಉಡುಗೊರೆ ಅನ್ನಿಸಲಿಲ್ಲ. ಅರ್ಜಿ ಹಾಕಿದ್ವಿ, ಕಾದ್ವಿ, ದುಡ್ಡು ಕಟ್ಟಿದ್ವಿ, ಬಂತು ಅಂತಲೇ ಅವರ ನೆನಪು.

ಹಾಗಾದರೆ ಆ ವ್ಯತ್ಯಾಸ ಯಾರ ಜೇಬಿಂದ ಬಂತು? ಭೈರಸಂದ್ರ, ಯಡಿಯೂರು, ನಾಗಸಂದ್ರ, ಸಿದ್ದಾಪುರ, ಕನಕನಪಾಳ್ಯ. ಈ ಹೆಸರುಗಳು ನಮಗೆ ಈಗ ಬಸ್ ಸ್ಟಾಪು, ಸರ್ಕಲ್ಲು, ಕೆರೆ. ಆಗ ಅವು ಹೊಲ, ತೋಟ ಇದ್ದ ಹಳ್ಳಿಗಳು. ಸಿದ್ದಾಪುರದಲ್ಲಿ ಈಗಲೂ ನರ್ಸರಿಗಳ ಸಾಲು ಇದೆ, ಲಾಲ್‌ಬಾಗಿನ ಮಗ್ಗುಲಲ್ಲೇ. ಗುಲಾಬಿ ಗಿಡ ತರೋದಕ್ಕೆ ಹೋಗ್ತೀರಲ್ಲ, ಅದು ಹಳೇ ತೋಟಗಾರಿಕೆಯ ಉಳಿದಿರೋ ಅಂಚು. ಬಿಟಿಎಂ ಅಂದರೆ ಏನು ಅಂತ ನಮ್ಮ ಆಫೀಸಿನ ಇಂಟರ್ನ್ ಹುಡುಗಿಯನ್ನ ಕೇಳಿದೆ. ಅಲ್ಲೇ ಮೂರು ವರ್ಷದಿಂದ ಪಿಜಿಯಲ್ಲಿದ್ದಾಳೆ. “ಬೆಂಗಳೂರು ಟ್ರಾಫಿಕ್ ಮ್ಯಾನೇಜ್‌ಮೆಂಟಾ ಸಾರ್?” ಅಂದಳು. ನಕ್ಕುಬಿಟ್ಟೆ. ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರಿನ ಮೊದಲ ಅಕ್ಷರ. ಬೆಳೆ ಬೆಳೀತಿದ್ದ ಮೂರು ಊರುಗಳು ಬೋರ್ಡಿನ ಮೇಲೆ ಮೂರು ಅಕ್ಷರ ಆದವು.

ಆದ್ದರಿಂದ ಹಿರಿಯರು ಕಿರಿಯರು ಅಂತ ಎರಡೇ ಗುಂಪು ಮಾಡಿದರೆ ತಪ್ಪಾಗುತ್ತೆ. ಅದೇ ವಯಸ್ಸಿನ ಒಬ್ಬ ಗುಮಾಸ್ತರಿಗೆ ಸೈಟು ಬಂತು, ಅದೇ ವಯಸ್ಸಿನ ಒಬ್ಬ ರೈತನಿಗೆ ಪರಿಹಾರದ ಚೀಟಿ ಬಂತು. ಗುಮಾಸ್ತರ ಮೊಮ್ಮಗ ಮನೆ ಮಾಲೀಕ. ರೈತನ ಮೊಮ್ಮಗ ಎಲ್ಲಿದ್ದಾನೆ? ಕೆಲವರು ಗ್ರಾಮಠಾಣದಲ್ಲಿ ಉಳಿದ ಜಾಗದಲ್ಲಿ ಮೇಲಿಂದ ಮೇಲೆ ಮನೆ ಕಟ್ಟಿ ಬಾಡಿಗೆಗೆ ಬಿಟ್ಟು ಚೆನ್ನಾಗಿದ್ದಾರೆ, ಇಲ್ಲ ಅನ್ನಲ್ಲ. ಎಲ್ಲರೂ ಅಲ್ಲ.

*

ಇಲ್ಲಿ ನನ್ನ ಮನೆ ಓನರ್ ಬಗ್ಗೆ ಹೇಳಬೇಕು. ಜಯನಗರದಲ್ಲಿ ಅವರ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದೆ. ಒಂದು ಸಾರ್ವಜನಿಕ ಉದ್ದಿಮೆಯಲ್ಲಿ ಸೂಪರ್‌ವೈಸರ್ ಆಗಿ ರಿಟೈರ್ ಆದವರು. ಹೆಸರು ಬೇಡ, ಅವರು ಈ ಕಾರ್ಯಕ್ರಮ ನೋಡ್ತಾರೆ. ಒಂದು ಭಾನುವಾರ ಕಾಫಿಗೆ ಕರೆದು ಹಂಚಿಕೆ ಪತ್ರ ತೋರಿಸಿದ್ದರು. ಎಪ್ಪತ್ತರ ದಶಕದ್ದು, ಹಳದಿ ಕಾಗದ, ಮಡಿಚಿದ ಕಡೆ ಹರಿದಿದೆ. ಬೆಲೆ ಐದಂಕಿ ಮುಟ್ಟಿರಲಿಲ್ಲ. ನಾನು ಕೊಡ್ತಿದ್ದ ಒಂದು ತಿಂಗಳ ಬಾಡಿಗೆಗಿಂತ ಕಮ್ಮಿ ಸ್ವಾಮಿ! ನನ್ನ ಮುಖ ನೋಡಿ ಅವರಿಗೆ ಅರ್ಥ ಆಯ್ತು. “ಏನಪ್ಪಾ, ಪುಕ್ಕಟೆ ಬಂತು ಅಂದ್ಕೊಂಡ್ಯಾ?” ಅಂದರು.

ಪುಕ್ಕಟೆ ಬಂದಿರಲಿಲ್ಲ. ಆಗ ನಮ್ಮ ಹಾಗೆ ಬ್ಯಾಂಕಿನವರೇ ಫೋನ್ ಮಾಡಿ ಹೋಮ್ ಲೋನ್ ಬೇಕಾ ಅಂತ ಕೇಳ್ತಿರಲಿಲ್ಲ. ಮನೆ ಸಾಲಕ್ಕೆ ಅಂತಲೇ ಇದ್ದ ಎಚ್‌ಡಿಎಫ್‌ಸಿ ಹುಟ್ಟಿದ್ದೇ 1977ರಲ್ಲಿ. ಅವರು ಪಿಎಫ್‌ನಿಂದ ಸ್ವಲ್ಪ ತೆಗೆದರು, ಫ್ಯಾಕ್ಟರಿ ಸೊಸೈಟಿಯಲ್ಲಿ ಸ್ವಲ್ಪ ಸಾಲ ಮಾಡಿದರು. ಉಳಿದದ್ದು ಹೆಂಡತಿಯ ಒಡವೆ. ಎರಡೆಳೆ ಸರ, ಬಳೆ ಎಲ್ಲ ಅಡ ಹೋಯ್ತು. ಸಿಮೆಂಟಿಗೆ ಪರ್ಮಿಟ್ಟು, ಅದಕ್ಕೆ ಆಫೀಸು ಅಲೆದಾಟ. ಕೇಂದ್ರ ಸರ್ಕಾರ ಸಿಮೆಂಟ್ ಮೇಲಿನ ನಿಯಂತ್ರಣ ಸಡಿಲಿಸೋಕೆ ಶುರು ಮಾಡಿದ್ದು 1982ರಲ್ಲಿ. ಕಾವೇರಿ ನೀರಿನ ಮೊದಲ ಹಂತ ಊರಿಗೆ ಬಂದದ್ದು 1974ರಲ್ಲಿ, ಅವರ ರಸ್ತೆಗೆ ಇನ್ನೂ ತಡವಾಗಿ. ಮನೆ ಕಟ್ಟೋದಕ್ಕೆ ಏಳು ವರ್ಷ ಹಿಡೀತು. ಗೃಹಪ್ರವೇಶದ ದಿನ ಕಿಟಕಿಗೆ ಬಾಗಿಲಿರಲಿಲ್ಲ, ಚಾಪೆ ಕಟ್ಟಿದ್ದರು. ಇದನ್ನ ಹೇಳೋವಾಗ ಆಂಟಿ ಒಳಗಿಂದ ಕೂಗಿ ಒಂದು ಮಾತು ಸೇರಿಸಿದರು: “ಸರ ಇನ್ನೂ ಬಿಡಿಸಿಕೊಟ್ಟಿಲ್ಲ ಅಂತ ಹೇಳಿ ಅವನಿಗೆ.” ಖಾತೆ ಮಾತ್ರ ಯಜಮಾನರ ಹೆಸರಲ್ಲೇ ಇದೆ.

ಇನ್ನೊಂದು ವಿಷಯ ಆ ದಿನ ನನಗೆ ಗೊತ್ತಾಯ್ತು. ಅವರಿಗೆ ಬರೋ ಪಿಂಚಣಿ ಎಷ್ಟು ಅಂತ. ಸರ್ಕಾರಿ ನೌಕರರ ಹಾಗಲ್ಲ ಸಾರ್ವಜನಿಕ ಉದ್ದಿಮೆಯವರಿಗೆ, ಇಪಿಎಸ್-95 ಯೋಜನೆ. ಅದರಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1000 ರೂಪಾಯಿ, 2014ರಿಂದ ಅಷ್ಟೇ ಇದೆ. ಇವರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಬರ್ತಿತ್ತು, ಬಿಪಿ ಶುಗರ್ ಮಾತ್ರೆಗೆ ಸಾಕಾಗೋವಷ್ಟು. ಅಂದರೆ ನಾನು ಪ್ರತಿ ತಿಂಗಳು ಐದನೇ ತಾರೀಕು ಗೂಗಲ್ ಪೇ ಮಾಡ್ತಿದ್ದ ದುಡ್ಡೇ ಅವರ ಪಿಂಚಣಿ. ಕೋಟಿಗಳ ಮೇಲೆ ಕೂತಿದ್ದಾರೆ, ಕೈಯಲ್ಲಿ ದುಡ್ಡಿಲ್ಲ. ನಾನು ಬಾಡಿಗೆ ಏರಿಸಬೇಡಿ ಸಾರ್ ಅಂತ ಬೇಡ್ತಿದ್ದೆ, ಅವರು ಏರಿಸದೇ ಹೇಗಪ್ಪಾ ಅಂತ ಸಂಕಟ ಪಡ್ತಿದ್ದರು. ನಮ್ಮಿಬ್ಬರಲ್ಲಿ ಖಳನಾಯಕ ಯಾರು ಅಂತ ನೀವೇ ಹೇಳಿ.

*

ಮುಂದಕ್ಕೆ ಹೋಗೋಣ. 1976ರಲ್ಲಿ ಟ್ರಸ್ಟ್ ಬೋರ್ಡಿನ ಜಾಗಕ್ಕೆ ಬಿಡಿಎ ಬಂತು. ಬನಶಂಕರಿ ಒಂದೊಂದೇ ಸ್ಟೇಜು ಬೆಳೀತಾ ಹೋಯ್ತು. ಜೆ.ಪಿ. ನಗರ ಬಂತು. ಜಯಪ್ರಕಾಶ ನಾರಾಯಣರ ಹೆಸರು ಸ್ವಾಮಿ ಅದು. ಸಮಾಜವಾದಿ ನಾಯಕರು, ‘ಸಂಪೂರ್ಣ ಕ್ರಾಂತಿ’ ಅಂದವರು, 1979ರಲ್ಲಿ ತೀರಿಕೊಂಡರು. ಇವತ್ತು ಆ ಹೆಸರಿನ ಬಡಾವಣೆಯಲ್ಲಿ ಡಬಲ್ ಬೆಡ್‌ರೂಮ್ ಫ್ಲ್ಯಾಟಿಗೆ ಕೋಟಿ ಅಂತಾರೆ. ಜೆ.ಪಿ. ಇದ್ದಿದ್ದರೆ ಏನನ್ನುತ್ತಿದ್ದರೋ, ನನಗಂತೂ ಆ ಕಡೆ ಹೋದಾಗಲೆಲ್ಲ ಈ ಪ್ರಶ್ನೆ ಬರುತ್ತೆ.

ಎಂಬತ್ತರ ದಶಕದಲ್ಲಿ ಇನ್ನೊಂದು ದಾರಿ ತೆರೆದುಕೊಂಡಿತು. ಗೃಹ ನಿರ್ಮಾಣ ಸಹಕಾರ ಸಂಘಗಳು. ಬ್ಯಾಂಕಿನವರದೊಂದು, ಫ್ಯಾಕ್ಟರಿಯವರದೊಂದು, ಇಲಾಖೆಯವರದೊಂದು. ಸಂಘಕ್ಕಾಗಿ ಸರ್ಕಾರವೇ ಜಮೀನು ಸ್ವಾಧೀನ ಮಾಡಿಕೊಡ್ತಿತ್ತು. ಒಳ್ಳೇ ಯೋಚನೆಯೇ. ಆದರೆ ಮಧ್ಯವರ್ತಿಗಳು ನುಗ್ಗಿದರು. 1995ರಲ್ಲಿ ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ಮಧ್ಯವರ್ತಿಯ ಪಾತ್ರವನ್ನೂ ಗಮನಿಸಿ, ಇದು ಸಾರ್ವಜನಿಕ ಉದ್ದೇಶದ ಸ್ವಾಧೀನ ಅಲ್ಲ ಅಂತ ಕೋರ್ಟು ಜಮೀನು ವಾಪಸ್ ಕೊಡೋಕೆ ಹೇಳಿತು. ರೈತರಿಗೆ ಗೆಲುವು. ಅದೇ ಹೊತ್ತಿಗೆ, ನೌಕರ ಸೈಟು ಪಡೆಯೋ ಆ ಹಳೇ ಬಾಗಿಲು ಮುಕ್ಕಾಲು ಮುಚ್ಚಿತು.

1985ನೇ ಇಸವಿಯನ್ನ ನಾನು ಬೇರೆಯಾಗಿ ಗುರುತು ಮಾಡಿಟ್ಟುಕೊಂಡಿದ್ದೀನಿ. ಆ ವರ್ಷ ಎರಡು ಘಟನೆ. ಒಂದು ಎಲ್ಲರಿಗೂ ಗೊತ್ತು: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇನ್ಫೋಸಿಸ್ 1983ರಲ್ಲೇ ಬಂದಿತ್ತು, ಎಲೆಕ್ಟ್ರಾನಿಕ್ಸ್ ಸಿಟಿಗೆ ಕಿಯೋನಿಕ್ಸ್ ಎಪ್ಪತ್ತರ ದಶಕದ ಕೊನೆಯಲ್ಲೇ 332 ಎಕರೆ ಜಾಗ ಹಿಡಿದಿತ್ತು. ಮುಂದೆ 1991, ಉದಾರೀಕರಣ, ಹೊಸೂರು ರಸ್ತೆಯ ಕಂಪನಿ ಬಸ್ಸುಗಳ ಸಾಲು, ಅದೆಲ್ಲ ನಿಮಗೆ ಗೊತ್ತಿರೋ ಕಥೆ. ಎರಡನೇ ಘಟನೆ ಯಾರಿಗೂ ನೆನಪಿಲ್ಲ. 1985ರ ಮಾರ್ಚ್‌ನಲ್ಲಿ ಹಣಕಾಸು ಸಚಿವ ವಿ.ಪಿ. ಸಿಂಗ್ ಎಸ್ಟೇಟ್ ಡ್ಯೂಟಿ ರದ್ದು ಮಾಡಿದರು. ಏನದು? ಸತ್ತವರ ಆಸ್ತಿ ವಾರಸುದಾರರಿಗೆ ಹೋಗೋವಾಗ ಸರ್ಕಾರ ಹಾಕ್ತಿದ್ದ ತೆರಿಗೆ. 1953ರಿಂದ ಇತ್ತು. ದೊಡ್ಡ ಆಸ್ತಿಗಳ ಮೇಲೆ ದರ ಒಂದು ಕಾಲಕ್ಕೆ ಶೇಕಡಾ 85ರವರೆಗೂ ಹೋಗಿತ್ತು. ಕಾಗದದ ಮೇಲೆ ಅಷ್ಟಿದ್ದರೂ ವಸೂಲಾಗ್ತಿದ್ದದ್ದು ಅಷ್ಟಕ್ಕಷ್ಟೇ. ಜಯನಗರದ ಸಾಮಾನ್ಯ ಮನೆಗೆ ಅದರಿಂದ ತೊಂದರೆ ಆದದ್ದೂ ಅಪರೂಪ. ಆದರೆ ನಮ್ಮ ಊರಿನ ಭೂಮಿಯ ಬೆಲೆ ಹಾರೋದಕ್ಕೆ ಶುರುವಾದ ಕಾಲದಲ್ಲೇ, ಆ ಬೆಲೆ ಅಪ್ಪನಿಂದ ಮಗನಿಗೆ ತೆರಿಗೆ ಇಲ್ಲದೆ ದಾಟೋ ದಾರಿಯೂ ತೆರೆದುಕೊಂಡಿತು. 2024ರ ಲೋಕಸಭಾ ಚುನಾವಣೆ ಹೊತ್ತಲ್ಲಿ ಈ ತೆರಿಗೆಯ ಮಾತು ಬಂದಾಗ ದೇಶದ ಎಲ್ಲ ಚಾನೆಲ್‌ನವರೂ ಕೂಗಾಡಿದ್ವಿ. ನಾನೂ ಕೂಗಾಡಿದವನೇ. ಕೂಗೋ ಮೊದಲು 1985ರ ಬಗ್ಗೆ ಓದಿರಲಿಲ್ಲ ಅಂತ ಈಗ ಒಪ್ಪಿಕೊಳ್ತೀನಿ.

ನ್ಯಾಯವಾಗಿ ಹೇಳಬೇಕು ಅಂದರೆ, ನಮ್ಮ ಅಣ್ಣಂದಿರಿಗೂ ಒಂದು ಒಳ್ಳೇ ಕಾಲ ಸಿಕ್ಕಿತ್ತು. ತೊಂಬತ್ತರ ದಶಕದಲ್ಲಿ ಮನೆ ಸಾಲದ ಬಡ್ಡಿ ಹದಿನಾಲ್ಕು ಪರ್ಸೆಂಟಿನ ಮೇಲೆಲ್ಲ ಇತ್ತು. 2003–04ರ ಹೊತ್ತಿಗೆ ಎಂಟರ ಹತ್ತಿರ ಇಳೀತು. ಸಾಫ್ಟ್‌ವೇರ್ ಸಂಬಳ ಏರ್ತಿತ್ತು, ಫ್ಲ್ಯಾಟಿನ ಬೆಲೆ ಇನ್ನೂ ಅಷ್ಟು ಏರಿರಲಿಲ್ಲ. ಆಗ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆದವರು ಜೆ.ಪಿ. ನಗರದಲ್ಲಿ, ಬನಶಂಕರಿಯಲ್ಲಿ ಫ್ಲ್ಯಾಟ್ ತಗೊಂಡರು, ಅಪ್ಪನ ಸಹಾಯ ಇಲ್ಲದೆ. ನಾನು ಬಿಇ ಮುಗಿಸೋ ಹೊತ್ತಿಗೆ ಆ ಕಿಟಕಿ ಮುಚ್ಚಿತ್ತು. ನನಗೆ ಕ್ಯಾಂಪಸ್ಸಿನಲ್ಲಿ ಸಿಕ್ಕ ಆಫರ್ ವರ್ಷಕ್ಕೆ ಮೂರೂಕಾಲು ಲಕ್ಷ. ಇವತ್ತು, ಹದಿನೈದು ವರ್ಷದ ಮೇಲೆ, ದೊಡ್ಡ ದೊಡ್ಡ ಐಟಿ ಕಂಪನಿಗಳಲ್ಲಿ ಫ್ರೆಶರ್ ಸಂಬಳ ಮೂರೂವರೆ ಲಕ್ಷದ ಆಸುಪಾಸಲ್ಲೇ ಸುತ್ತುತ್ತಾ ಇದೆ. ಮಸಾಲೆ ದೋಸೆ ಬೆಲೆ ಹಾಗೇ ಇದೆಯಾ? ಬಾಡಿಗೆ ಹಾಗೇ ಇದೆಯಾ?

ಸರಿ, ಒಂದು ಕೋಟಿಯ ಫ್ಲ್ಯಾಟು ಅಂದುಕೊಳ್ಳಿ, ಕನಕಪುರ ರಸ್ತೆಯಲ್ಲಿ ಎಲ್ಲೋ ಒಳಗೆ. ಬ್ಯಾಂಕು 75 ಲಕ್ಷ ಕೊಡುತ್ತೆ. ಎಂಟೂವರೆ ಪರ್ಸೆಂಟಿಗೆ, 20 ವರ್ಷಕ್ಕೆ, ತಿಂಗಳ ಇಎಂಐ 65 ಸಾವಿರ ಚಿಲ್ಲರೆ. ಕೈಯಿಂದ 25 ಲಕ್ಷ ಹಾಕಬೇಕು. ಅದರ ಮೇಲೆ ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ಸು ಸರ್ಚಾರ್ಜು. ನೋಂದಣಿ ಶುಲ್ಕ ಶೇಕಡಾ 1 ಇತ್ತು, 2025ರ ಆಗಸ್ಟ್ 31ರಿಂದ 2 ಆಯ್ತು. ಒಟ್ಟು ಏಳೂವರೆ ಲಕ್ಷ ದಾಟುತ್ತೆ. ಮನೆ ಇಲ್ಲದವನು ಮೊದಲ ಮನೆ ತಗೊಂಡದ್ದಕ್ಕೆ ಸರ್ಕಾರಕ್ಕೆ ಕೊಡಬೇಕಾದ ಕಪ್ಪ ಇದು. ಅದೇ ಅಪ್ಪ ಮಗನಿಗೆ ಒಂದು ಕೋಟಿಯ ಮನೆಯನ್ನ ದಾನಪತ್ರ ಮಾಡಿಕೊಟ್ಟರೆ? ಕುಟುಂಬದೊಳಗಿನ ದಾನಕ್ಕೆ ಶೇಕಡಾವಾರು ಲೆಕ್ಕ ಇಲ್ಲ, ಸ್ಥಿರ ಶುಲ್ಕ. ಕೆಲವು ಸಾವಿರದಲ್ಲಿ ಮುಗಿಯುತ್ತೆ. ಅದೇ ಸಬ್ ರಿಜಿಸ್ಟ್ರಾರ್ ಆಫೀಸು, ಅದೇ ಬೆಂಚು, ಪಕ್ಕ ಪಕ್ಕ ಕೂತ ಇಬ್ಬರು. ಒಬ್ಬ ಲಕ್ಷಗಳ ರಸೀದಿ ಹಿಡಿದಿದ್ದಾನೆ, ಇನ್ನೊಬ್ಬ ಸಾವಿರಗಳದ್ದು.

ಇದನ್ನ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇದು. ಜಗಳ ಹಿರಿಯರು ಕಿರಿಯರ ನಡುವೆ ಇದ್ದ ಹಾಗೆ ಕಾಣುತ್ತೆ, ಆದರೆ ನಿಜವಾದ ಬಿರುಕು ಕಿರಿಯರೊಳಗೇ ಇದೆ. ನಮ್ಮ ಚಾನೆಲ್ಲಿನಲ್ಲೇ ಇಬ್ಬರು ಕ್ಯಾಮೆರಾಮನ್ ಇದ್ದಾರೆ. ಒಂದೇ ವಯಸ್ಸು, ಒಂದೇ ಸಂಬಳ. ಒಬ್ಬನಿಗೆ ಬನಶಂಕರಿಯಲ್ಲಿ ಅಪ್ಪನ ಮನೆಯ ಮೊದಲ ಮಹಡಿ. ಇನ್ನೊಬ್ಬ ಮಂಡ್ಯದ ಕಡೆಯಿಂದ ಬಂದವನು, 25 ಸಾವಿರ ಬಾಡಿಗೆ. 15 ವರ್ಷಕ್ಕೆ 45 ಲಕ್ಷ. ಇಬ್ಬರಲ್ಲಿ ಯಾರೂ ಸೋಮಾರಿಯಲ್ಲ, ಯಾರೂ ದುಂದುಗಾರನಲ್ಲ. ಒಬ್ಬನ ತಾತ 1970ರ ಸುಮಾರಿಗೆ ಒಂದು ಅರ್ಜಿ ಹಾಕಿದ್ದರು. ಅಷ್ಟೇ ವ್ಯತ್ಯಾಸ.

ನಮ್ಮಪ್ಪ ಹಾಕಲಿಲ್ಲ. ತಿಪಟೂರು ಕಡೆ ಹೈಸ್ಕೂಲು ಮೇಷ್ಟ್ರು. ಎಂಬತ್ತರ ದಶಕದಲ್ಲಿ ಜೊತೆಯ ಮೇಷ್ಟ್ರೊಬ್ಬರು ಬಿಡಿಎ ಅರ್ಜಿ ಫಾರಂ ತಂದುಕೊಟ್ಟಿದ್ದರಂತೆ. “ಊರಲ್ಲಿ ಮನೆ ಇದೆ, ತೆಂಗಿನ ಮರ ಇದೆ. ಬೆಂಗಳೂರಲ್ಲಿ ನನಗೇನು ಕೆಲಸ?” ಅಂದರಂತೆ ನಮ್ಮಪ್ಪ. ಆ ಮಾತಲ್ಲಿ ಏನು ತಪ್ಪಿದೆ? ಆಗ ಅದು ಬುದ್ಧಿವಂತರ ಮಾತೇ. ಮಗನ ಕೆಲಸ ತಿಪಟೂರಲ್ಲಿ ಇರಲ್ಲ ಅಂತ ಅವರಿಗೆ ಯಾರು ಹೇಳಿದ್ದರು?

ಮನೆ ಇರೋರ ಮಕ್ಕಳಿಗೂ ಎಲ್ಲ ಸಲೀಸಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ತರ್ಟಿ ಫಾರ್ಟಿಯನ್ನ ಮೂರು ಮಕ್ಕಳಿಗೆ ಹಂಚಿದರೆ ತಲೆಗೆ 400 ಚದರಡಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅನ್ನೋ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಈ ವಿಷಯದಲ್ಲಿ ನಾವು ಮುಂದೆ. ಆದರೆ ಅಪ್ಪನ ಸ್ವಯಾರ್ಜಿತ ಸೈಟು ವಿಲ್ ಇದ್ದ ಹಾಗೆ ಹೋಗುತ್ತೆ, ಆ ವಿಲ್ ಯಾರ ಹೆಸರಿಗೆ ಇರುತ್ತೆ ಅನ್ನೋದನ್ನ ಸಿಟಿ ಸಿವಿಲ್ ಕೋರ್ಟಿನ ಕಾರಿಡಾರಲ್ಲಿ ಒಂದು ಬೆಳಗ್ಗೆ ನಿಂತು ನೋಡಿ. ರಾಖಿ ಕಟ್ಟಿಸಿಕೊಂಡವನೂ ಕಟ್ಟಿದವಳೂ ಎದುರು ಬದುರು ವಕೀಲರ ಜೊತೆ ನಿಂತಿರ್ತಾರೆ.

ಈಗ ಸರ್ಕಾರ ಸೈಟು ಕೊಡಲ್ವಾ ಅಂತ ಕೇಳ್ತೀರಿ. ಕೊಡುತ್ತೆ. ನಾಡಪ್ರಭು ಕೆಂಪೇಗೌಡ ಬಡಾವಣೆ, ಮೈಸೂರು ರಸ್ತೆ ಮಾಗಡಿ ರಸ್ತೆ ಮಧ್ಯೆ. 2008ರಲ್ಲಿ ಮೊದಲ ಅಧಿಸೂಚನೆ, 2016ರಲ್ಲಿ ಹಂಚಿಕೆ ಶುರು. ಸೈಟು ಸಿಕ್ಕವರು ವರ್ಷಗಟ್ಟಲೆ ರಸ್ತೆ ಇಲ್ಲ, ನೀರಿಲ್ಲ, ಕರೆಂಟಿಲ್ಲ ಅಂತ ನಮ್ಮ ಚಾನೆಲ್ಲಿಗೇ ಬಂದು ಗೋಳಾಡಿದ್ದಾರೆ. ಒಂದು ಕಡೆ ಸೈಟಿನ ಸಾಲದ ಕಂತು, ಇನ್ನೊಂದು ಕಡೆ ಬಾಡಿಗೆ. ಇತ್ತ ಹಳೇ ಬಡಾವಣೆಗಳಲ್ಲಿ ಉಳಿದ ಮೂಲೆ ಸೈಟುಗಳನ್ನ ಅದೇ ಬಿಡಿಎ ಹರಾಜು ಹಾಕುತ್ತೆ. ಹರಾಜಿನಲ್ಲಿ ಮದುವೆ ಆಗಿದೆಯಾ, ಎಷ್ಟು ಸಲ ಅರ್ಜಿ ಹಾಕಿದ್ದಿ ಅಂತ ಯಾರೂ ಕೇಳಲ್ಲ. ಜಾಸ್ತಿ ಕೂಗಿದವರಿಗೆ ಸೈಟು. ತಾತನಿಗೆ ಖರ್ಚಿನ ಲೆಕ್ಕದಲ್ಲಿ ಕೊಟ್ಟ ಸಂಸ್ಥೆಯ ವಾರಸು ಸಂಸ್ಥೆ ಮೊಮ್ಮಗನಿಗೆ ಹರಾಜಿನಲ್ಲಿ ಕೊಡ್ತಿದೆ.

ಇಂಗ್ಲೆಂಡಿನಲ್ಲೂ ಹೀಗೇ ಆಯ್ತು. ಯುದ್ಧ ಮುಗಿದ ಮೇಲೆ ಅಲ್ಲಿನ ಪುರಸಭೆಗಳು ಲಕ್ಷಾಂತರ ಮನೆ ಕಟ್ಟಿ ಬಾಡಿಗೆಗೆ ಕೊಟ್ಟವು. 1980ರಲ್ಲಿ ಥ್ಯಾಚರ್ ಸರ್ಕಾರ ಅವನ್ನ ರಿಯಾಯಿತಿ ದರದಲ್ಲಿ ಬಾಡಿಗೆದಾರರಿಗೇ ಮಾರೋ ಕಾನೂನು ತಂದಿತು. ಕೊಂಡವರು ಉದ್ಧಾರ ಆದರು, ಮಾರಿದಷ್ಟು ಹೊಸ ಮನೆ ಕಟ್ಟಲಿಲ್ಲ, ಮುಂದಿನವರು ಸಿಕ್ಕಿಹಾಕಿಕೊಂಡರು. ಸಿಂಗಾಪುರ ಬೇರೆ ದಾರಿ ಹಿಡೀತು. 1960ರಲ್ಲಿ ಶುರುವಾದ ಅಲ್ಲಿನ ವಸತಿ ಮಂಡಳಿ ಕಟ್ಟೋದನ್ನ ನಿಲ್ಲಿಸಲೇ ಇಲ್ಲ. 99 ವರ್ಷದ ಲೀಸಿಗೆ ಫ್ಲ್ಯಾಟು, ಭೂಮಿ ಸರ್ಕಾರದ ಕೈಯಲ್ಲೇ. ಅಲ್ಲೂ ಬೆಲೆಯ ಗೊಣಗಾಟ ಇದೆ, ಆದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಇವತ್ತೂ ಆ ಫ್ಲ್ಯಾಟುಗಳಲ್ಲೇ ಇದ್ದಾರೆ. ನಮ್ಮ ಊರು 2011ರ ಜನಗಣತಿಯಲ್ಲಿ 84 ಲಕ್ಷ ಇತ್ತು. ಆಮೇಲೆ ತಲೆ ಎಣಿಸಿಲ್ಲ. ತಲೆ ಎಷ್ಟಿದೆ ಅಂತ ಗೊತ್ತಿಲ್ಲದೆ ಸೂರು ಎಷ್ಟು ಬೇಕು ಅಂತ ಹೇಗೆ ಹೇಳೋದು?

ಆದರೂ ಸರ್ಕಾರ ಸುಮ್ಮನೆ ಕೂತಿಲ್ಲ. 2017ರ ಜೂನ್‌ನಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಕ್ಕೆ ಮೆಟ್ರೊ ಬಂತು. 2025ರ ಆಗಸ್ಟ್ 10ಕ್ಕೆ ಆರ್.ವಿ. ರೋಡಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ. ಎಲ್ಲರ ತೆರಿಗೆ ದುಡ್ಡು. ಸ್ಟೇಷನ್ ಪಕ್ಕದ ಮನೆಗೆ ಬೆಲೆ ಏರಿತು, ಆ ಏರಿಕೆ ಮನೆ ಮಾಲೀಕನದು. ಬಾಡಿಗೆಯೂ ಏರಿತು, ಅದು ಬಾಡಿಗೆದಾರನ ಪಾಲು. ರೈಲಲ್ಲಿ ಹೋಗೋದಕ್ಕೆ ಅವನು ಟಿಕೆಟ್ಟೂ ತಗೊಳ್ತಾನೆ.

ನನ್ನ ಹಳೇ ಓನರ್ ಕಥೆ ಹೇಳಿ ಮುಗಿಸ್ತೀನಿ. ಅವರ ಮಗ ಅಮೆರಿಕಾದಲ್ಲಿದ್ದಾನೆ, ವಾಪಸ್ ಬರಲ್ಲ. ಹೋದ ವರ್ಷ ಮನೆಯನ್ನ ಬಿಲ್ಡರಿಗೆ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟರು. ನಾನು ಮನೆ ಖಾಲಿ ಮಾಡಿ ಆರ್.ಬಿ.ಐ. ಲೇಔಟ್ ಕಡೆ ಬಂದೆ. ಅಡ್ವಾನ್ಸು ಒಂದು ಪೈಸೆ ಹಿಡಿಯದೆ ವಾಪಸ್ ಕೊಟ್ಟರು, ಬಣ್ಣದ ದುಡ್ಡನ್ನೂ ಮುರಿದುಕೊಳ್ಳಲಿಲ್ಲ. ರೆಡ್ ಆಕ್ಸೈಡ್ ನೆಲ ಒಡೆಯೋ ದಿನ ಆಂಟಿ ಅಲ್ಲಿ ನಿಲ್ಲಲಿಲ್ಲ, ತಂಗಿ ಮನೆಗೆ ಹೋಗಿದ್ದರು. ಈಗ ಕಟ್ಟಡ ಎದ್ದಿದೆ. ಅವರ ಪಾಲಿಗೆ ಎರಡು ಫ್ಲ್ಯಾಟು. ಒಂದರಲ್ಲಿ ಅವರು ಇರ್ತಾರೆ, ಇನ್ನೊಂದು ಬಾಡಿಗೆಗೆ.

ಮೊನ್ನೆಯ ಕಾರ್ಯಕ್ರಮ ನೋಡಿ ಅವರು ಫೋನ್ ಮಾಡಿದ್ದರು. 219 ವರ್ಷದ ಲೆಕ್ಕಕ್ಕೆ ಬೈತಾರೆ ಅಂದುಕೊಂಡೆ. ಬೈಲಿಲ್ಲ.

“ಲೆಕ್ಕ ಸರಿಯಾಗೇ ಇತ್ತಪ್ಪಾ. ಒಂದು ವಿಷಯ ಕೇಳ್ತೀನಿ. ಮೇಲಿನ ಫ್ಲ್ಯಾಟಿಗೆ ಬಾಡಿಗೆ ಎಷ್ಟು ಹೇಳ್ಲಿ? ನಿನಗೆ ಗೊತ್ತಿರುತ್ತೆ.”

ನಾನು ಒಂದು ಅಂಕಿ ಹೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

“ಅಷ್ಟೊಂದು ಯಾರಪ್ಪಾ ಕೊಡ್ತಾರೆ?” ಅಂದರು.

“ಕೊಡ್ತಾರೆ ಸಾರ್” ಅಂದೆ.